ರೋಸ್ಮರಿ ಸಾರ ಕಾಯುವುದು ಎಣ್ಣೆಯನ್ನು, ನೀರನ್ನಲ್ಲ

ಕಳೆದ ಮಳೆಗಾಲದಲ್ಲಿ ಕೋಲಾರ ಜಿಲ್ಲೆಯ ರೈತರೊಬ್ಬರು ಒಂದು ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಅದರಲ್ಲಿ ಲೋಳೆಸರದ ತಿರುಳಿನಿಂದ ಮಾಡಿದ ಮುಖದ ಕ್ರೀಮಿನ ಎರಡು ಡಜನ್ ಡಬ್ಬಿಗಳಿದ್ದವು. ಮುಚ್ಚಳ ತೆಗೆದು ನೋಡಿದರೆ ಹೆಚ್ಚಿನವುಗಳ ಮೇಲೆ ಬೂದು ಬಣ್ಣದ ಬೂಷ್ಟು ಬೆಳೆದಿತ್ತು. ಇವರು ಅರ್ಧ ಎಕರೆಯಲ್ಲಿ ರೋಸ್ಮರಿ ಬೆಳೆದಿದ್ದರು. ಅದರ ತೈಲವನ್ನು ಬೆರೆಸಿ ಊರಿನ ಮಹಿಳಾ ಸಂಘದವರು ಕ್ರೀಮು ಮಾಡಿ ಪೇಟೆಗೆ ಕಳಿಸಿದ್ದರು. ರೋಸ್ಮರಿ ಹಾಕಿದ ಮೇಲೆ ಬೇರೆ ಯಾವ ಸಂರಕ್ಷಕವೂ ಬೇಡ, ವರ್ಷಗಟ್ಟಲೆ ಕೆಡುವುದಿಲ್ಲ ಎಂದು ಸಸಿ ಮಾರಿದವರು ಹೇಳಿದ್ದರಂತೆ. ಮೂರೇ ವಾರಕ್ಕೆ ಮಾಲು ವಾಪಸು ಬಂತು. ನಮ್ಮ ಸೊಪ್ಪಿನಲ್ಲಿ ಏನು ದೋಷವಿದೆ, ಯಾವ ಗೊಬ್ಬರ ಹಾಕಬೇಕು ಎಂಬುದು ಅವರ ಪ್ರಶ್ನೆ.

ಸೊಪ್ಪಿನಲ್ಲಿ ದೋಷವಿರಲಿಲ್ಲ. ಗೊಬ್ಬರದಿಂದ ಸರಿಹೋಗುವ ವಿಷಯವೂ ಇದಲ್ಲ. ರೋಸ್ಮರಿ ಯಾವ ಕೆಲಸವನ್ನು ಮಾಡುತ್ತದೆ, ಯಾವುದನ್ನು ಮಾಡುವುದಿಲ್ಲ ಎಂಬುದು ಅವರಿಗೂ ಗೊತ್ತಿರಲಿಲ್ಲ, ಸಸಿ ಮಾರಿದವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಈ ಬೆಳೆಯ ಬಗ್ಗೆ ಈಗ ಅನೇಕ ರೈತರು ವಿಚಾರಿಸುತ್ತಿರುವುದರಿಂದ ವಿಷಯವನ್ನು ಸ್ವಲ್ಪ ವಿವರವಾಗಿಯೇ ತಿಳಿಸಬೇಕಾಗಿದೆ.

ಕಮಟು ಬೇರೆ, ಮುಗ್ಗಲು ಬೇರೆ

ಪದಾರ್ಥಗಳು ಕೆಡುವುದರಲ್ಲಿ ಎರಡು ಬಗೆಯುಂಟು. ನಮ್ಮ ಮನೆಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಮಾತುಗಳೇ ಇವೆ. ಹಳೆಯ ಎಣ್ಣೆ, ಹಳೆಯ ಕೊಬ್ಬರಿ, ಹಳೆಯ ಶೇಂಗಾ ಬೀಜ ಕಮಟು ಹಿಡಿಯುತ್ತವೆ. ತೇವ ತಗುಲಿದ ಹಿಟ್ಟು, ಬೇಳೆ, ಹುಲ್ಲು ಮುಗ್ಗಲು ಹಿಡಿಯುತ್ತವೆ. ಕಮಟು ಹಿಡಿಯುವುದಕ್ಕೆ ಯಾವ ಜೀವಿಯೂ ಬೇಕಿಲ್ಲ. ಗಾಳಿಯಲ್ಲಿರುವ ಆಮ್ಲಜನಕ ಸಾಕು. ಮುಗ್ಗಲಿಗೆ ಮಾತ್ರ ಬೂಷ್ಟು, ಬ್ಯಾಕ್ಟೀರಿಯಾ ಮೊದಲಾದ ಸೂಕ್ಷ್ಮಜೀವಿಗಳೇ ಕಾರಣ, ಮತ್ತು ಅವು ಬದುಕುವುದಕ್ಕೆ ನೀರು ಬೇಕೇ ಬೇಕು. ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಬೆಣ್ಣೆ ಕಾಯಿಸುವಾಗ ಗೃಹಿಣಿಯರು ಒಂದು ವೀಳ್ಯದೆಲೆಯನ್ನೋ ನಾಲ್ಕು ಎಸಳು ನುಗ್ಗೆ ಸೊಪ್ಪನ್ನೋ ಹಾಕುವುದನ್ನು ಎಲ್ಲರೂ ನೋಡಿದ್ದೇವೆ. ಇದು ಕೇವಲ ಪರಿಮಳಕ್ಕಾಗಿ ಎಂದು ತಿಳಿಯಬಾರದು. ಕರಿಬೇವು ಮತ್ತು ವೀಳ್ಯದೆಲೆ ಹಾಕಿ ಕಾಯಿಸಿದ ತುಪ್ಪ ನಿಧಾನವಾಗಿ ಕಮಟುತ್ತದೆ ಎಂಬುದು 1979ರಲ್ಲಿ ಪ್ರಕಟವಾದ ಪ್ರಯೋಗದಿಂದ ದೃಢಪಟ್ಟಿದೆ. ತುಪ್ಪದಲ್ಲಿ ನೀರಿಲ್ಲ, ಆದ್ದರಿಂದ ಅದಕ್ಕೆ ಬೂಷ್ಟಿನ ಭಯ ಕಡಿಮೆ, ಕಮಟಿನ ಭಯವೇ ಹೆಚ್ಚು. ಎಲೆಯಲ್ಲಿರುವ ಫಿನಾಲ್ ಜಾತಿಯ ವಸ್ತುಗಳು ಆ ಕಮಟನ್ನು ತಡೆಯುತ್ತವೆ. ರೋಸ್ಮರಿ ಮಾಡುವುದೂ ಇದೇ ಕೆಲಸವನ್ನು. ಆದರೆ ಇನ್ನೂ ಬಲವಾಗಿ ಮಾಡುತ್ತದೆ.

ಎಲ್ಲ ಎಣ್ಣೆಗಳೂ ಒಂದೇ ವೇಗದಲ್ಲಿ ಕಮಟುವುದಿಲ್ಲ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ನೂರಕ್ಕೆ ಸುಮಾರು 90 ಭಾಗ ಪರ್ಯಾಪ್ತ ಜಾತಿಯವು, ಅಂದರೆ ಆಮ್ಲಜನಕ ಬಂದು ಹಿಡಿಯುವುದಕ್ಕೆ ಅವುಗಳಲ್ಲಿ ಜಾಗವಿಲ್ಲ. ಹುಚ್ಚೆಳ್ಳು, ಕುಸುಬೆ, ಸೂರ್ಯಕಾಂತಿ ಎಣ್ಣೆಗಳಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಭಾಗ ಲಿನೋಲಿಕ್ ಆಮ್ಲವಿರುತ್ತದೆ. ಅದರಲ್ಲಿ ಎರಡು ಜೋಡಿ ಬಂಧಗಳಿರುವುದರಿಂದ ಆಮ್ಲಜನಕಕ್ಕೆ ಬಾಗಿಲು ತೆರೆದಿಟ್ಟಂತೆ. ಎಳ್ಳೆಣ್ಣೆಯದೂ ಸುಮಾರಾಗಿ ಅಂತಹ ಸ್ವಭಾವವೇ. ಆದರೂ ಅದು ಬಹುಕಾಲ ಕೆಡದೆ ಇರುತ್ತದೆ. ಸಿಸಾಮಿನ್, ಸಿಸಾಮೋಲಿನ್ ಎಂಬ ರಕ್ಷಕಗಳು ಎಳ್ಳಿನಲ್ಲೇ ಇರುವುದು, ಎಳ್ಳು ಹುರಿದಾಗ ಸಿಸಾಮೋಲ್ ಎಂಬುದು ಉಂಟಾಗುವುದು ಇದಕ್ಕೆ ಕಾರಣ. ತಲೆಗೂ ಮೈಗೂ ಎಳ್ಳೆಣ್ಣೆಯನ್ನೇ ಆರಿಸಿಕೊಂಡ ಹಿರಿಯರ ಅನುಭವ ಸುಮ್ಮನೆ ಬಂದದ್ದಲ್ಲ.

ಕಮಟು ಹಬ್ಬುವ ರೀತಿ ಬಣವೆಗೆ ಬಿದ್ದ ಬೆಂಕಿಯಂತೆ. ಎಣ್ಣೆಯ ಒಂದು ಅಣು ಆಮ್ಲಜನಕದಿಂದ ಕೆಟ್ಟರೆ ಅದು ಪಕ್ಕದ ಅಣುವಿನಿಂದ ಒಂದು ಜಲಜನಕದ ಪರಮಾಣುವನ್ನು ಕಿತ್ತುಕೊಳ್ಳುತ್ತದೆ. ಹಾಗೆ ಕಳೆದುಕೊಂಡ ಅಣು ಮತ್ತೊಂದಕ್ಕೆ ಕೈ ಹಾಕುತ್ತದೆ. ಬೆಳಕು, ಶಾಖ ಇದನ್ನು ತ್ವರೆಗೊಳಿಸುತ್ತವೆ. ತಾಮ್ರ ಮತ್ತು ಕಬ್ಬಿಣದ ಪಾತ್ರೆಗಳೂ ಹಾಗೆಯೇ. ರೋಸ್ಮರಿಯಲ್ಲಿರುವ ಕಾರ್ನೋಸಿಕ್ ಆಮ್ಲ ಎಂಬ ವಸ್ತು ನಡುವೆ ಬಂದು ತನ್ನ ಜಲಜನಕವನ್ನೇ ಕೊಟ್ಟು ಈ ಸರಪಳಿಯನ್ನು ತುಂಡರಿಸುತ್ತದೆ. ಹಾಗೆ ಕೊಟ್ಟು ತಾನು ಕಾರ್ನೋಸಾಲ್ ಎಂಬ ಇನ್ನೊಂದು ವಸ್ತುವಾಗುತ್ತದೆ. ವಿಶೇಷವೆಂದರೆ ಕಾರ್ನೋಸಾಲಿಗೂ ಅದೇ ಗುಣವಿದೆ. ಒಬ್ಬ ಆಳು ದಣಿದು ಕೂತರೆ ಅವನ ಜಾಗಕ್ಕೆ ಇನ್ನೊಬ್ಬ ಬಂದು ನಿಂತಂತೆ. ಕಾರ್ನೋಸಿಕ್ ಆಮ್ಲವು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ ಎನ್ನಬಹುದು. ಇದನ್ನು ಮರೆಯಬಾರದು.

ಈ ಗುಣ ಬೆಳಕಿಗೆ ಬಂದು ಎಪ್ಪತ್ತು ವರ್ಷಗಳ ಮೇಲಾಯಿತು. 1952ರಲ್ಲಿ ಅಮೆರಿಕದ ವಿಜ್ಞಾನಿಗಳು 32 ಬಗೆಯ ಮಸಾಲೆ ಪದಾರ್ಥಗಳನ್ನು ಕೊಬ್ಬಿನಲ್ಲಿ ಬೆರೆಸಿ ಪರೀಕ್ಷಿಸಿದಾಗ ರೋಸ್ಮರಿ ಮತ್ತು ಅದರ ಬಳಗದ ಸೇಜ್ ಎಲ್ಲಕ್ಕಿಂತ ಮುಂದಿದ್ದವು. 1977ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯದ ಸ್ಟೀಫನ್ ಚಾಂಗ್ ಮತ್ತು ಸಂಗಡಿಗರು ವಾಸನೆಯಿಲ್ಲದ ಸಾರವನ್ನು ತೆಗೆಯುವ ವಿಧಾನವನ್ನು ಪ್ರಕಟಿಸಿದರು. 2010ರಲ್ಲಿ ಐರೋಪ್ಯ ಒಕ್ಕೂಟವು ಇ-392 ಎಂಬ ಸಂಖ್ಯೆಯಲ್ಲಿ ರೋಸ್ಮರಿ ಸಾರವನ್ನು ಆಹಾರದ ಉತ್ಕರ್ಷಣ ನಿರೋಧಕವೆಂದು ಅಂಗೀಕರಿಸಿತು. ಮೈಗೆ ಹಚ್ಚುವ ಎಣ್ಣೆ, ಮುಲಾಮು, ಸಾಬೂನುಗಳಿಗೂ ಇದೇ ಸಾರ ಹೋಗುತ್ತದೆ.

ತೈಲವೇ ಸಾರವಲ್ಲ

ಇಲ್ಲಿಯೇ ನಮ್ಮ ರೈತರು ಮೋಸ ಹೋಗುವುದು. ರೋಸ್ಮರಿ ಸೊಪ್ಪನ್ನು ಹಬೆಯಲ್ಲಿ ಬಟ್ಟಿ ಇಳಿಸಿದರೆ ಸುಗಂಧ ತೈಲ ದೊರೆಯುತ್ತದೆ. ಅದರಲ್ಲಿರುವುದು ಸಿನಿಯೋಲ್, ಕರ್ಪೂರ, ಪೈನೀನ್ ಮೊದಲಾದ ಹಾರಿಹೋಗುವ ವಸ್ತುಗಳು. ಕಾರ್ನೋಸಿಕ್ ಆಮ್ಲ ಹಬೆಯೊಡನೆ ಏಳುವುದಿಲ್ಲ. ಅದು ಸೊಪ್ಪಿನಲ್ಲೇ ಉಳಿಯುತ್ತದೆ. ಅಂದರೆ ಎಣ್ಣೆಯನ್ನು ಕಾಯುವ ಶಕ್ತಿ ತೈಲದ ಬಾಟಲಿಯಲ್ಲಿ ಹೆಚ್ಚೇನೂ ಇಲ್ಲ. ಅದು ನಾವು ತಿಪ್ಪೆಗೆ ಎಸೆಯುವ ಬೆಂದ ಸೊಪ್ಪಿನಲ್ಲಿದೆ.

ಸಾರ ತೆಗೆಯುವವರು ಒಣ ಎಲೆಯಿಂದ ಅಸಿಟೋನ್, ಎಥೆನಾಲ್ ಅಥವಾ ಅಧಿಕ ಒತ್ತಡದ ಇಂಗಾಲದ ಡೈಆಕ್ಸೈಡನ್ನು ಉಪಯೋಗಿಸಿ ಅದನ್ನು ಬೇರ್ಪಡಿಸುತ್ತಾರೆ. ಬಳಿಕ ವಾಸನೆಯ ಭಾಗವನ್ನು ಬಹುಮಟ್ಟಿಗೆ ತೆಗೆದುಹಾಕುತ್ತಾರೆ. ಇ-392ರ ನಿಯಮವನ್ನೇ ನೋಡಿ: ಕಾರ್ನೋಸಿಕ್ ಆಮ್ಲ ಮತ್ತು ಕಾರ್ನೋಸಾಲಿನ ಒಟ್ಟು ಮೊತ್ತವು ಪರಿಮಳದ ಮುಖ್ಯ ಅಂಶಗಳ ಮೊತ್ತಕ್ಕಿಂತ ಕನಿಷ್ಠ 15 ಪಟ್ಟು ಇರಬೇಕು. ಮೂಗಿಗೆ ಘಮ್ಮೆನ್ನುವುದೇ ಒಳ್ಳೆಯ ಮಾಲು ಎಂಬ ನಮ್ಮ ಲೆಕ್ಕಾಚಾರ ಇಲ್ಲಿ ತಲೆಕೆಳಗು.

ಕೋಲಾರದ ರೈತರು ಹಾಕಿದ್ದು ತೈಲವನ್ನು. ಅವರು ಸಾರವನ್ನೇ ಹಾಕಿದ್ದರೂ ಆ ಕ್ರೀಮು ಉಳಿಯುತ್ತಿರಲಿಲ್ಲ. ಏಕೆಂದರೆ ಲೋಳೆಸರದ ತಿರುಳಿನಲ್ಲಿ ನೂರಕ್ಕೆ 98 ಭಾಗಕ್ಕೂ ಹೆಚ್ಚು ನೀರು. ಬೂಷ್ಟು ಬೆಳೆದದ್ದು ಆ ನೀರಿನಲ್ಲಿ. ಕಾರ್ನೋಸಿಕ್ ಆಮ್ಲ ಇರುವುದು ಎಣ್ಣೆಯ ಹನಿಗಳಲ್ಲಿ. ರೋಸ್ಮರಿ ತೈಲಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣ ಸ್ವಲ್ಪ ಉಂಟು, ಇಲ್ಲವೆನ್ನಲಾಗದು. ಆದರೆ ಕ್ರೀಮನ್ನು ತಿಂಗಳುಗಟ್ಟಲೆ ಕಾಯುವಷ್ಟು ತೈಲವನ್ನು ಹಾಕಿದರೆ ಮುಖದ ಚರ್ಮ ಉರಿದೀತು.

ಬೂಷ್ಟು ಕಣ್ಣಿಗೆ ಕಾಣುತ್ತದೆ, ಆದ್ದರಿಂದ ಡಬ್ಬಿ ವಾಪಸಾಯಿತು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ ತುಂಬಿದ ಕ್ರೀಮನ್ನು ಕಣ್ಣಿನ ಸುತ್ತ, ಗಾಯದ ಮೇಲೆ, ಎಳೆಮಕ್ಕಳ ಮೈಗೆ ಹಚ್ಚಿದರೆ ಆಗುವ ಅಪಾಯ ದೊಡ್ಡದು. ನೀರಿರುವ ಯಾವ ಲೇಪನಕ್ಕೂ ಸೂಕ್ಷ್ಮಜೀವಿಗಳನ್ನು ತಡೆಯುವ ನಿಜವಾದ ಸಂರಕ್ಷಕ ಬೇಕು. ಸೋಡಿಯಂ ಬೆಂಜೋಯೇಟ್, ಪೊಟ್ಯಾಸಿಯಂ ಸಾರ್ಬೇಟ್ ಬಳಕೆಯಲ್ಲಿರುವ ಅಂತಹ ಎರಡು ವಸ್ತುಗಳು, ಲೇಪನದ ಪಿ.ಎಚ್. ಸುಮಾರು 5ಕ್ಕಿಂತ ಕೆಳಗಿದ್ದಾಗ ಮಾತ್ರ ಇವು ಚೆನ್ನಾಗಿ ಕೆಲಸ ಮಾಡುತ್ತವೆ. ರಾಸಾಯನಿಕ ಎಂಬ ಹೆಸರು ಕೇಳಿದೊಡನೆ ಹೆದರುವವರಿಗೆ ಒಂದು ಮಾತು. ಬೆಂಜೋಯಿಕ್ ಆಮ್ಲವನ್ನು ಮೊದಲು ತೆಗೆದದ್ದು ಲೋಬಾನದ ಅಂಟಿನಿಂದ. ಸಾರ್ಬಿಕ್ ಆಮ್ಲವನ್ನು 1859ರಲ್ಲಿ ಹಾಫ್‌ಮನ್ ಎಂಬ ರಸಾಯನಶಾಸ್ತ್ರಜ್ಞ ಪಡೆದದ್ದು ಯೂರೋಪಿನ ರೋವನ್ ಮರದ ಹಣ್ಣಿನಿಂದ. ಇಂದು ಎರಡನ್ನೂ ಕಾರ್ಖಾನೆಯಲ್ಲಿ ತಯಾರಿಸುತ್ತಾರೆ. ವಸ್ತು ಮಾತ್ರ ಅದೇ.

ಸಸ್ಯಮೂಲ ಎಂಬ ಚೀಟಿಯನ್ನು ನೋಡಿಯೇ ನಂಬುವವರು ದ್ರಾಕ್ಷಿಹಣ್ಣಿನ ಹೆಸರಿಟ್ಟುಕೊಂಡ ಗ್ರೇಪ್‌ಫ್ರೂಟ್‌ನ ಕಥೆಯನ್ನು ತಿಳಿದಿರಬೇಕು. ಇದು ಚಕ್ಕೋತದ ಬಳಗದ ಹಣ್ಣು. ಇದರ ಬೀಜದ ಸಾರ ಎಲ್ಲ ಬಗೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆಂದು ನೈಸರ್ಗಿಕ ಲೇಪನ ಮಾಡುವವರೆಲ್ಲ ಕೊಳ್ಳುತ್ತಿದ್ದರು. 1999ರಲ್ಲಿ ಜರ್ಮನಿಯ ಸಂಶೋಧಕರು ಪೇಟೆಯ ಆರು ಮಾದರಿಗಳನ್ನು ಪರೀಕ್ಷಿಸಿದರು. ಐದರಲ್ಲಿ ಬೆಂಜೆಥೋನಿಯಂ ಕ್ಲೋರೈಡ್ ಎಂಬ ಕಾರ್ಖಾನೆಯ ಕ್ರಿಮಿನಾಶಕ ಕಂಡುಬಂದಿತು. ಅದಿಲ್ಲದ ಆರನೆಯ ಮಾದರಿ ಯಾವ ಸೂಕ್ಷ್ಮಜೀವಿಯನ್ನೂ ತಡೆಯಲಿಲ್ಲ. 2001ರಲ್ಲಿ ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳಿಗೂ ಪೇಟೆಯ ಮಾಲಿನಲ್ಲಿ ಅದೇ ವಸ್ತು ದೊರೆಯಿತು. ರೋಸ್ಮರಿಗೆ ಇಂತಹ ಹೆಸರು ಬಾರದಿರಬೇಕಾದರೆ ಅದು ಮಾಡದ ಕೆಲಸವನ್ನು ಅದರ ತಲೆಗೆ ಕಟ್ಟಬಾರದು.

ಬೆಳೆಯುವವರಿಗೆ

ರೋಸ್ಮರಿ ಮೆಡಿಟರೇನಿಯನ್ ಸಮುದ್ರತೀರದ ಪೊದೆ. ಒಮ್ಮೆ ಬೇರೂರಿದರೆ ಹಲವು ವರ್ಷ ನಿಲ್ಲುತ್ತದೆ. ನೀಲಗಿರಿಯಲ್ಲಿ ಇದನ್ನು ಬಹುಕಾಲದಿಂದ ಬೆಳೆಯುತ್ತಿದ್ದಾರೆ. ಬೆಂಗಳೂರಿನ ಸುತ್ತಲಿನ ಕೆಂಪುಗೋಡು ಮಣ್ಣೂ ಹವೆಯೂ ಇದಕ್ಕೆ ಒಗ್ಗುತ್ತವೆ. ಇಲ್ಲಿಯ ಕೇಂದ್ರೀಯ ಔಷಧೀಯ ಮತ್ತು ಸುಗಂಧ ಸಸ್ಯಗಳ ಸಂಸ್ಥೆಯ ಕೇಂದ್ರದಲ್ಲಿ ಇದರ ಬೇಸಾಯದ ಪ್ರಯೋಗಗಳು ನಡೆದಿವೆ. ಗಿಡದ ಸಸ್ಯಶಾಸ್ತ್ರೀಯ ಹೆಸರು ರೋಸ್ಮರೈನಸ್ ಅಫಿಸಿನಾಲಿಸ್ ಎಂದಿತ್ತು. 2017ರಲ್ಲಿ ಸಾಲ್ವಿಯಾ ರೋಸ್ಮರೈನಸ್ ಎಂದು ಬದಲಾಯಿಸಲಾಯಿತು. ಖರೀದಿದಾರರ ಕಾಗದಪತ್ರಗಳಲ್ಲಿ ಎರಡೂ ಹೆಸರು ಬರುತ್ತವೆ, ಗಾಬರಿಯಾಗಬೇಕಿಲ್ಲ.

ನೀರು ನಿಲ್ಲುವ ಭೂಮಿಯಲ್ಲಿ ಇದನ್ನು ಹಾಕಲೇಕೂಡದು. ಬೇರು ಕೊಳೆತು ಇಡೀ ಸಾಲು ಸಾಯುತ್ತದೆ. ಕಪ್ಪುಮಣ್ಣಿನವರು ಈ ಬೆಳೆಯ ಯೋಚನೆಯನ್ನು ಬಿಡುವುದು ಉತ್ತಮ. 10ರಿಂದ 15 ಸೆಂಟಿಮೀಟರ್ ಉದ್ದದ ತುದಿಕಡ್ಡಿಗಳನ್ನು ನರ್ಸರಿಯಲ್ಲಿ ನೆಟ್ಟರೆ ಒಂದೂವರೆ ಎರಡು ತಿಂಗಳಲ್ಲಿ ಬೇರು ಬಿಡುತ್ತವೆ. ಬೀಜದಿಂದ ಮಾಡಿದ ಸಸಿ ಒಂದರಂತೆ ಇನ್ನೊಂದಿರುವುದಿಲ್ಲ. 45 ಸೆಂಟಿಮೀಟರ್ ಚೌಕದಲ್ಲಿ ನೆಟ್ಟರೆ ಎಕರೆಗೆ ಸುಮಾರು 20,000 ಸಸಿ ಬೇಕಾಗುತ್ತದೆ. ಖರ್ಚಿನ ದೊಡ್ಡ ಭಾಗ ಇದೇ. ಆದ್ದರಿಂದ ಮೊದಲ ವರ್ಷ ನಾಲ್ಕೈದು ಗುಂಟೆಯಲ್ಲಿ ತಾಯಿಗಿಡಗಳನ್ನು ಬೆಳೆಸಿ, ಕಡ್ಡಿಗಳನ್ನು ಸ್ವಂತವಾಗಿ ಮಾಡಿಕೊಳ್ಳುವುದು ನನ್ನ ಸಲಹೆ. ನೆಟ್ಟ ಎಂಟು ತಿಂಗಳಿಗೆ ಮೊದಲ ಕೊಯ್ಲು, ಅನಂತರ ಮೂರು ನಾಲ್ಕು ತಿಂಗಳಿಗೊಮ್ಮೆ.

ಕೊಯ್ಲಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಗಿಡ ಕಾರ್ನೋಸಿಕ್ ಆಮ್ಲವನ್ನು ತಯಾರಿಸುವುದು ನಮಗಾಗಿ ಅಲ್ಲ, ಸುಡುಬಿಸಿಲಿನಲ್ಲಿ ತನ್ನ ಹಸುರನ್ನು ಕಾಯ್ದುಕೊಳ್ಳುವುದಕ್ಕಾಗಿ. ಸ್ಪೇನಿನ ಬಾರ್ಸಿಲೋನಾದಲ್ಲಿ ನಡೆದ ಸಂಶೋಧನೆಗಳಲ್ಲಿ ಬೇಸಗೆಯ ಬರಕ್ಕೆ ಸಿಕ್ಕಿದ ಗಿಡಗಳ ಎಲೆಯಲ್ಲಿ ಈ ಆಮ್ಲ ಖರ್ಚಾಗಿ ಬೇರೆ ವಸ್ತುಗಳಾಗಿ ಮಾರ್ಪಟ್ಟದ್ದು ಕಂಡುಬಂದಿತು. ರೋಸ್ಮರಿ ಒಣಹವೆಯ ಗಿಡ, ನೀರು ಕೊಡದಿದ್ದರೂ ನಡೆಯುತ್ತದೆ ಎಂಬುದು ಗಿಡ ಸಾಯದಿರುವ ಮಟ್ಟಿಗೆ ಮಾತ್ರ ನಿಜ. ಸಾರಕ್ಕಾಗಿ ಬೆಳೆಯುವವರು ಏಪ್ರಿಲ್, ಮೇ ತಿಂಗಳುಗಳಲ್ಲಿ ಹದವಾಗಿ ನೀರು ಕೊಡುವುದು ಒಳ್ಳೆಯದು. ಎಳೆಯ ಎಲೆಗಳಲ್ಲಿ ಆಮ್ಲ ಹೆಚ್ಚು, ಬಲಿತ ಎಲೆಯಲ್ಲಿ ಕಡಿಮೆ, ಕಡ್ಡಿಯಲ್ಲಿ ಇನ್ನೂ ಕಡಿಮೆ. ತೂಕ ಬರಲೆಂದು ಮರಗಟ್ಟಿದ ಭಾಗವನ್ನೂ ಸೇರಿಸಿ ಕೊಯ್ದರೆ ಪರೀಕ್ಷೆಯಲ್ಲಿ ಮಾಲು ಬೀಳುತ್ತದೆ. ಒಣ ಎಲೆಯಲ್ಲಿ ಈ ಆಮ್ಲ ಸಾಮಾನ್ಯವಾಗಿ ನೂರಕ್ಕೆ 1ರಿಂದ 3 ಭಾಗವಿರುತ್ತದೆ. ಈ ಮೂರು ಪಟ್ಟಿನ ಅಂತರಕ್ಕೆ ತಳಿಯೂ ಕಾರಣ, ಬೆಳೆಗಾರನ ಕೈಯೂ ಕಾರಣ.

ಒಣಗಿಸುವುದು ನೆರಳಿನಲ್ಲಿಯೇ ಆಗಬೇಕು. ತೆಳುವಾಗಿ ಹರಡಿ, ಗಾಳಿಯಾಡುವಂತೆ ಬಿದಿರಿನ ತಟ್ಟಿಯ ಮೇಲೆ ಒಣಗಿಸಿರಿ. ಶಾಖದ ಯಂತ್ರವಿದ್ದರೆ 45 ಡಿಗ್ರಿ ಸೆಂಟಿಗ್ರೇಡ್ ಮೀರಕೂಡದು. ಸುಮಾರು 4 ಕಿಲೋ ಹಸಿಸೊಪ್ಪಿನಿಂದ 1 ಕಿಲೋ ಒಣ ಸೊಪ್ಪು ಬರುತ್ತದೆ. ಎಲೆ ಮುರಿದರೆ ಚಟ್ಟೆಂದು ಸದ್ದಾಗಬೇಕು, ಬಾಗಿದರೆ ಇನ್ನೂ ತೇವವಿದೆ ಎಂದು ತಿಳಿಯಬೇಕು. ಒಣಗಿದ ಎಲೆಯನ್ನು ಪುಡಿ ಮಾಡದೆ, ಬೆಳಕು ಬೀಳದ ಕಡೆ ಚೀಲದಲ್ಲಿ ಕಟ್ಟಿಡಿ.

ಮಾರುಕಟ್ಟೆಯ ಬಗ್ಗೆ ಸಿಹಿ ಮಾತು ಹೇಳಲು ನನಗೆ ಮನಸ್ಸಿಲ್ಲ. ಮೊರಾಕ್ಕೊ, ಟ್ಯುನೀಸಿಯ, ಸ್ಪೇನ್ ದೇಶಗಳಲ್ಲಿ ಗುಡ್ಡಗಳ ಮೇಲೆ ಕಾಡುಗಿಡವಾಗಿ ಬೆಳೆದ ರೋಸ್ಮರಿಯನ್ನು ಕೊಯ್ದು ತರುತ್ತಾರೆ. ಅವರಿಗೆ ನಾಟಿಯ ಖರ್ಚಿಲ್ಲ, ನೀರಿನ ಖರ್ಚಿಲ್ಲ. ಬರಿಯ ಅಗ್ಗದ ಪೈಪೋಟಿಯಲ್ಲಿ ನಾವು ನಿಲ್ಲಲಾರೆವು. ಎಲೆಯ ಕಾರ್ನೋಸಿಕ್ ಆಮ್ಲವನ್ನು ಪರೀಕ್ಷೆ ಮಾಡಿಸಿ, ಆ ಲೆಕ್ಕದ ಮೇಲೆ ಬೆಲೆ ಕೊಡುವ ಖರೀದಿದಾರ ಸಿಕ್ಕಿದ ಮೇಲೆಯೇ ವಿಸ್ತೀರ್ಣ ಹೆಚ್ಚಿಸಬೇಕು. ಬಟ್ಟಿ ಇಳಿಸುವ ಘಟಕವಿರುವ ಕಡೆ, ತೈಲ ತೆಗೆದ ಸೊಪ್ಪನ್ನು ಅಂದೇ ಹರಡಿ ಒಣಗಿಸಿ, ಸಾರ ತೆಗೆಯುವವರಿಗೆ ಮಾದರಿ ಕಳಿಸಿ ನೋಡಬಹುದು. ರಾಶಿ ಹಾಕಿಟ್ಟರೆ ಮರುದಿನಕ್ಕೆ ಮುಗ್ಗುತ್ತದೆ.

ಮನೆಯಲ್ಲಿ ಮಾಡಬಹುದಾದದ್ದು

ಶುದ್ಧ ಸಾರವನ್ನು ತೆಗೆಯುವುದು ಹಳ್ಳಿಯಲ್ಲಿ ಆಗದ ಮಾತು. ಆದರೆ ಕಾರ್ನೋಸಿಕ್ ಆಮ್ಲ ಎಣ್ಣೆಯಲ್ಲಿ ಕರಗುವುದರಿಂದ ಎಲೆಯನ್ನು ಎಣ್ಣೆಯಲ್ಲಿ ನೆನೆಸಿ ಅದರ ಒಂದು ಭಾಗವನ್ನು ಪಡೆಯಬಹುದು. ಒಂದು ಕಿಲೋ ಎಣ್ಣೆಗೆ 100 ಗ್ರಾಂ ಚೆನ್ನಾಗಿ ಒಣಗಿದ ಎಲೆಯನ್ನು ಆಗತಾನೆ ತರಿಯಾಗಿ ಪುಡಿಮಾಡಿ ಹಾಕಿ, ಸ್ಟೀಲ್ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು, 60 ಡಿಗ್ರಿಯ ಸುಮಾರಿನಲ್ಲಿ ಮೂರು ಗಂಟೆ ಇಡಬೇಕು. ನೀರು ಕುದಿಯಬಾರದು, ಆವಿ ಎಣ್ಣೆಗೆ ಬೀಳಬಾರದು. ಬಳಿಕ ಒಣ ಬಟ್ಟೆಯಲ್ಲಿ ಸೋಸಿ, ಕಂದು ಬಣ್ಣದ ಬಾಟಲಿಗಳಲ್ಲಿ ಕುತ್ತಿಗೆಯವರೆಗೆ ತುಂಬಬೇಕು. ಹಸಿ ಎಲೆಯನ್ನು ಹಾಕಕೂಡದು. ಅದರ ನೀರು ಎಣ್ಣೆಯ ತಳದಲ್ಲಿ ನಿಂತು ಸೂಕ್ಷ್ಮಜೀವಿಗಳಿಗೆ ಮನೆಯಾಗುತ್ತದೆ.

ಕೋಲಾರದವರು ಈಗ ಲೋಳೆಸರದ ಕ್ರೀಮನ್ನು ಬಿಟ್ಟಿದ್ದಾರೆ. ಇಂತಹ ಎಣ್ಣೆಗೆ ಜೇನುಮೇಣ ಕರಗಿಸಿ ನೀರಿಲ್ಲದ ಮುಲಾಮು ಮಾಡುತ್ತಾರೆ. ಒಡೆದ ಹಿಮ್ಮಡಿಗೆ ಅದು ಸಾಕು. ಮಾರಾಟಕ್ಕಾಗಿ ಮಾಡುವವರಿಗೆ 2020ರ ಸೌಂದರ್ಯವರ್ಧಕಗಳ ನಿಯಮಗಳ ಪ್ರಕಾರ ಪರವಾನಗಿ ಬೇಕು ಎಂಬುದನ್ನೂ ಅವರಿಗೆ ತಿಳಿಸಿದ್ದಾಯಿತು; ಅದಕ್ಕಾಗಿ ಈಗ ಅರ್ಜಿ ಹಾಕಿದ್ದಾರೆ.

ಎಣ್ಣೆಗೆ ರಕ್ಷಣೆ ದೊರೆತಿದೆಯೇ ಎಂದು ತಿಳಿಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದೇ ಗಾಣದ, ಒಂದೇ ದಿನದ ಹುಚ್ಚೆಳ್ಳೆಣ್ಣೆಯನ್ನು ಎರಡು ಭಾಗ ಮಾಡಿ, ಒಂದಕ್ಕೆ ಮಾತ್ರ ಎಲೆ ಹಾಕಿ ಮೇಲಿನಂತೆ ಸಂಸ್ಕರಿಸಿ. ಇನ್ನೊಂದನ್ನು ಎಲೆಯಿಲ್ಲದೆ ಅಷ್ಟೇ ಹೊತ್ತು ಬಿಸಿ ಮಾಡಿ. ಎರಡನ್ನೂ ಒಂದೇ ಅಳತೆಯ ಗಾಜಿನ ಬಾಟಲಿಗಳಲ್ಲಿ ಅರ್ಧದವರೆಗೆ ತುಂಬಿ, ಬಿಸಿಲು ಬೀಳುವ ತಗಡಿನ ಮಾಡಿನ ಕೆಳಗೆ, ಒಂದೇ ಪೆಟ್ಟಿಗೆಯಲ್ಲಿಡಿ. ಎರಡು ದಿನಕ್ಕೊಮ್ಮೆ ಬೆಳಗಿನ ಹೊತ್ತು ಮುಚ್ಚಳ ತೆಗೆದು ಮೂಸಿ, ಕಮಟು ಮೊದಲು ಬಂದ ತಾರೀಖನ್ನು ಬಾಟಲಿಯ ಮೇಲೆ ಬರೆಯಿರಿ. ಎಲೆಯ ವಾಸನೆಯಿಂದ ಮೂಗಿಗೆ ಭ್ರಮೆಯಾಗುವುದುಂಟು. ಆದುದರಿಂದ ಯಾವ ಬಾಟಲಿ ಯಾವುದೆಂದು ತಿಳಿಯದ ಇನ್ನೊಬ್ಬರಿಂದಲೂ ಮೂಸಿಸಬೇಕು, ಮತ್ತು ಅವರು ಆ ಬೆಳಿಗ್ಗೆ ಎಲೆ ಅಡಿಕೆ ಹಾಕಿರಬಾರದು.